ಕೂಗುಬಂಡೆಗೆ ಒಂದು ಏಟು

ನಮ್ಮ ಶಾಲೆಯ ಗಂಟೆಯೆಂದರೆ ಹುಣಸೆಮರದ ಕೊಂಬೆಗೆ ತಂತಿಯಲ್ಲಿ ಕಟ್ಟಿದ ರೈಲುಹಳಿಯ ತುಂಡು. ಬಂಗಾರಪೇಟೆಯಲ್ಲಿ ಹಳಿಗೇನು ಬರವೇ. ಬೆಳಿಗ್ಗೆ ಪ್ರಾರ್ಥನೆಗೆಂದು ಅದು ನಿಧಾನವಾಗಿ ಬಡಿದುಕೊಳ್ಳುವಾಗ ನನಗೇನೂ ಆಗುವುದಿಲ್ಲ. ಮಧ್ಯಾಹ್ನ ಊಟದ ಬಿಡುವಿಗೆ ಆಯಮ್ಮ ಒಂದೇ ಸಮನೆ ಬಾರಿಸುತ್ತಾಳಲ್ಲ, ಆಗ ಕೈಯೊಳಗಿನ ಸೀಮೆಸುಣ್ಣ ಬೆವರಿಗೆ ಒದ್ದೆಯಾಗುತ್ತದೆ. ಮಕ್ಕಳು ತಟ್ಟೆ ಹಿಡಿದು ಓಡುತ್ತಾರೆ. ನಾನು ಬೋರ್ಡಿನ ಕಡೆ ತಿರುಗಿ, ಒರೆಸಿಯಾದದ್ದನ್ನೇ ಮತ್ತೆ ಒರೆಸುತ್ತಾ ನಿಲ್ಲುತ್ತೇನೆ. ಕಬ್ಬಿಣದ ಸದ್ದು ಮುಗಿಯುವ ಮೊದಲೇ ನನ್ನೊಳಗೆ ಕಲ್ಲಿನ ಸದ್ದು ಶುರುವಾಗಿರುತ್ತದೆ. ಅದರ ಬೆನ್ನಿಗೇ ಒಣಹುಲ್ಲು, ಆಡಿನ ಹಿಕ್ಕೆ, ಅರೆಹಣ್ಣಾದ ಸೀತಾಫಲದ ವಾಸನೆ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಗಣಿಕಾರ್ಮಿಕರ ಸಾಲುಮನೆಯಲ್ಲಿ. ಅಲ್ಲಿ ಬದುಕು ನಡೆಯುತ್ತಿದ್ದದ್ದು ಸೈರನ್ ಸದ್ದಿನ ಮೇಲೆ. ಅದು ಕೂಗಿದಾಗ ಅನ್ನಕ್ಕೆ ಇಡುವುದು, ಕೂಗಿದಾಗ ನೀರು ಕಾಯಿಸುವುದು. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತೆಂದರೆ ಹೆಂಗಸರೆಲ್ಲ ಒಲೆ ಬಿಟ್ಟು ಗಣಿಯ ಬಾಯಿಗೆ ಓಡುವುದು. ಹಾಗಾಗಿ ಸದ್ದು ಸುಮ್ಮನೆ ಬರುವುದಿಲ್ಲ ಎಂಬುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಬೇಸಿಗೆ ರಜೆಗೂ ದಸರೆ ರಜೆಗೂ ಅಪ್ಪ ನನ್ನನ್ನು ಕಾಮಸಮುದ್ರದಿಂದಾಚೆ, ಬಸ್ಸು ಬಂದ ದಾರಿಗೇ ತಿರುಗಿಕೊಳ್ಳುವ ಒಂದು ಪುಟ್ಟ ಊರಿಗೆ ಕರೆದೊಯ್ದು, ತನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬರುತ್ತಿದ್ದ. ಮುನಿಯಮ್ಮತ್ತೆಯ ಮನೆ ಬೆಟ್ಟದ ಬುಡಕ್ಕೇ ಅಂಟಿಕೊಂಡಿತ್ತು. ಕಲ್ಲುಚಪ್ಪಡಿಯ ಗೋಡೆ, ಮೇಲೆ ನಾಡಹೆಂಚು, ಹಿತ್ತಿಲಿಗೆ ಹೋದರೆ ನೇರ ಬಂಡೆ. ಮಳೆ ಬಂದರೆ ಬೆಟ್ಟದ ನೀರು ಆಡಿನ ದೊಡ್ಡಿಯ ಪಕ್ಕದಲ್ಲೇ ಹರಿಯುತ್ತಿತ್ತು. ಅತ್ತೆ ಅದನ್ನು ಗದರಿಸುತ್ತಾ ಸನಿಕೆಯಿಂದ ದಾರಿ ಮಾಡಿಕೊಡುತ್ತಿದ್ದಳು, ತುಂಟ ಕರುವನ್ನು ಗದರಿಸಿದ ಹಾಗೆ.

ಮನೆಯಿಂದ ಬೆಟ್ಟ ಹತ್ತಲು ಒಂದೇ ಕಾಲುದಾರಿ. ಅದು ಅರ್ಧ ಏರಿ, ಇಡೀ ಊರು ಅಂಗೈಯಲ್ಲಿಟ್ಟಂತೆ ಕಾಣುವ ಒಂದು ಹಾಸುಬಂಡೆಯ ಮೇಲೆ ಬಂದು ಉಸಿರು ತೆಗೆದುಕೊಳ್ಳುತ್ತದೆ. ಅಲ್ಲಿ ಎರಡು ಗುಂಡುಕಲ್ಲುಗಳ ಮೇಲೆ ಅಡ್ಡಲಾಗಿ ಮಲಗಿದ ಉದ್ದನೆಯ ಕಲ್ಲೇ ಕೂಗುಬಂಡೆ. ಕೈಗಾತ್ರದ ಕಲ್ಲಿನಿಂದ ಹೊಡೆದರೆ ಕಂಚಿನ ಹಾಗೆ ಮೊಳಗುತ್ತದೆ. ಹೊಡೆದು ಹೊಡೆದು ಅದರ ನಡುವೆ ಬಟ್ಟಲಿನಂಥ ಕುಳಿ ಬಿದ್ದಿತ್ತು. ಬೆಟ್ಟಕ್ಕೆ ಹೋಗುವವರು ಯಾರೇ ಆಗಲಿ, ಸೌದೆಗೋ ಹಣ್ಣಿಗೋ ಆಡು ಮೇಯಿಸಲಿಕ್ಕೋ, ಮೊದಲು ಅಲ್ಲಿ ನಿಂತು ಬಿಟ್ಟು ಬಿಟ್ಟು ಹೊಡೆಯಬೇಕು: ಒಂದು ಏಟು, ಅದರ ಸದ್ದು ಪೂರ್ತಿ ಅಡಗುವ ತನಕ ಕಾಯುವುದು, ಮತ್ತೆ ಇನ್ನೊಂದು. ಮೇಲಿನ ಗವಿಗಳಲ್ಲಿ ಮಲಗಿರುವ ಕರಡಿಗಳಿಗೆ ಅದು ನಮ್ಮ ಸುದ್ದಿ. ಅವು ಮೆಲ್ಲಗೆದ್ದು ಆಂಧ್ರದ ಕಡೆಯ ಮಗ್ಗುಲಿಗೆ ಸರಿದುಕೊಳ್ಳುತ್ತಿದ್ದವು. ಇಳಿದು ಬಂದವರು ಒಂದೇ ಒಂದು ಏಟು ಹಾಕಬೇಕು. ಅದು ಊರಿಗೆ. ದೀಪ ಹಚ್ಚುವ ಹೊತ್ತಿಗೆ ಆ ಏಟು ಕೇಳದಿದ್ದರೆ ಗಂಡಸರು ಕೋಲು, ಪಂಜು ಹಿಡಿದು ಹೊರಡುತ್ತಿದ್ದರು. ಬಿಡದೆ ಒಂದೇ ಸಮನೆ ಬಾರಿಸಿದರೆ ಆಪತ್ತು. ಅದು ಕೇಳಿದರೆ ಬಾಯಿಗಿಟ್ಟ ತುತ್ತನ್ನೂ ಬಿಟ್ಟು ಏಳಬೇಕು.

‘ಕರಡಿಗೆ ಯಾಕತ್ತೆ ಹೇಳಬೇಕು?’ ಎಂದು ನಾನು ಕೇಳಿದ್ದೆ. ಅತ್ತೆ ಸೊಂಟದ ಎಲಡಿಕೆ ಚೀಲ ಬಿಚ್ಚುತ್ತಾ ಹೇಳಿದ್ದಳು: ‘ಬ್ಯಾರೇರ ಮನೇಗೆ ಕದ ತಟ್ದೆ ಒಳಕ್ಕೋಯ್ತೀಯೇನಮ್ಮಿ? ಇದೂ ಒಂದು ಮನೆ ಕಣೆ. ಒಳಗಿರೋರು ಎದ್ದು ಸರ್ಕೊಳ್ಳೋಕೆ ಒಸಿ ಒತ್ತು ಕೊಡ್ಬೇಕು.’

ಸದ್ದು ಅಡಗುವ ತನಕ ಕಾಯುವುದೇ ನಮಗೆ ಕಷ್ಟ. ಅತ್ತೆಯ ಮಗ ಮಂಜ ನನಗಿಂತ ಸ್ವಲ್ಪ ಚಿಕ್ಕವನು, ಕಾಯಲಾರದೆ ಒಂಟಿಕಾಲಲ್ಲಿ ಕುಣಿಯುತ್ತಿದ್ದ. ಮೇಲೆ ನಮ್ಮ ಜಾರುಬಂಡೆ ಇತ್ತು. ಕಕ್ಕೆಸೊಪ್ಪಿನ ರೆಂಬೆಯ ಮೇಲೆ ಕುಳಿತು ಜಾರಿದರೆ ಹೊಟ್ಟೆಯೊಳಗಿನ ಮುದ್ದೆ ಗಂಟಲಿಗೆ ಬಂದಂತಾಗುತ್ತಿತ್ತು. ಬಂಡೆಯ ಹೊಂಡದಲ್ಲಿ ನಿಂತು ಬಿಸಿಲಿನಲ್ಲೂ ತಣ್ಣಗಿರುವ ದೊಣೆಯ ನೀರು, ಅದರಲ್ಲಿ ಮುಖ ಮುಳುಗಿಸಿ ಯಾರು ಹೆಚ್ಚು ಹೊತ್ತು ಇರುತ್ತಾರೆಂಬ ಪಂದ್ಯ, ಕಾರೆಹಣ್ಣು ತಿಂದು ಒಗರಾದ ನಾಲಿಗೆ. ದಸರೆಯ ಹೊತ್ತಿಗೆ ಸೀತಾಫಲ ಕಣ್ಣು ಬಿಡುತ್ತಿತ್ತು. ಬಲಿತವನ್ನು ಕಿತ್ತು ತಂದು ಅತ್ತೆ ರಾಗಿಯ ಗುಡಾಣದೊಳಗೆ ಹೂತಿಡುತ್ತಿದ್ದಳು. ಬೆಳಗಿನ ಜಾವ ಮನೆಯೆಲ್ಲ ಅದರ ವಾಸನೆ ತುಂಬಿದರೆ ಹಣ್ಣಾಯಿತೆಂದು ಅರ್ಥ. ನಾನು ಹರಿದ ಲಂಗವನ್ನು ಹಿಂದಕ್ಕೆ ಮರೆಮಾಡಿಕೊಂಡು ಬಂದರೆ, ‘ಲಂಗ ಅರ್ಕೊಂಡ್ರೆ ಒಲೀಬೋದು, ಮಂಡಿ ಒಡ್ಕೊಂಡ್ರೆ ನಿಮ್ಮಪ್ಪನ್ಗೆ ನಾನ್ ಏನ್ ಯೋಳ್ಲಿ?’ ಎನ್ನುವಳು. ಬಯ್ದು ಮುಗಿಸಿದ ಮೇಲೆ ಎಲ್ಲಕ್ಕಿಂತ ದೊಡ್ಡ ಹಣ್ಣು ನನ್ನ ಕೈಗೇ ಬರುತ್ತಿತ್ತು.

ಗಣಿ ಮುಚ್ಚಿತು. ಸೈರನ್ ನಿಂತಿತು. ಆದರೂ ಕೂಗುಬಂಡೆ ಇದೆಯಲ್ಲ ಎಂದು ನಾನು ಒಳಗೊಳಗೇ ನೆಮ್ಮದಿಯಾಗಿದ್ದೆ. ಅದನ್ನು ಯಾರೂ ಮುಚ್ಚಲಿಲ್ಲ, ಒಡೆಯಲಿಲ್ಲ. ಹಾಗೆ ಒಡೆದುಹಾಕಿದ್ದರೆ ಒಬ್ಬರನ್ನಾದರೂ ನಿಲ್ಲಿಸಿ ಬಯ್ಯಬಹುದಿತ್ತು. ಆದದ್ದು ಬೇರೆ. ಯಾರೋ ಅದನ್ನು ಬಾರಿಸುವ ವಿಡಿಯೋ ಹಾಕಿದರು. ಶನಿವಾರ, ಭಾನುವಾರ ಬೆಂಗಳೂರಿನಿಂದ ಬೈಕು, ಕಾರು, ಟೆಂಟು ಬರತೊಡಗಿದವು. ಸೂರ್ಯ ಹುಟ್ಟುವುದನ್ನು ನೋಡುವವರು, ಮುಳುಗುವುದನ್ನು ನೋಡುವವರು. ಬಂದವರೆಲ್ಲ ಕೂಗುಬಂಡೆಯನ್ನು ಬಾರಿಸದೆ ಹೋಗುವುದಿಲ್ಲ. ಒಬ್ಬ ತಾಳ ಹಾಕಿದರೆ ಇನ್ನೊಬ್ಬ ಕುಣಿಯುತ್ತಾನೆ. ಮಂಜ ಬೆಟ್ಟದ ಬುಡದಲ್ಲಿ ನೀಲಿ ಟಾರ್ಪಾಲು ಕಟ್ಟಿ ಟೀ, ಆಮ್ಲೆಟ್ಟು, ಮ್ಯಾಗಿ ಅಂಗಡಿ ತೆರೆದ. ಬಾಣದ ಗುರುತು ಹಾಕಿ ‘ಹಾಡುವ ಕಲ್ಲು’ ಎಂದು ಹಲಗೆ ಬರೆಸಿದ. ಅವನದೂ ಹೊಟ್ಟೆಪಾಡು, ತಪ್ಪೆನ್ನಲಾರೆ. ಆದರೆ ಅತ್ತೆ ಮಾತ್ರ ಪ್ರತಿವಾರ ಅವನೊಡನೆ ಜಗಳ ಕಾಯುತ್ತಿದ್ದಳು.

‘ಬಾರಿಸ್ಲಿ ಬಿಡಮ್ಮೋ, ಕಲ್ಲೇನ್ ಸವೆದೋಯ್ತದಾ?’ ಎನ್ನುವನು ಮಂಜ.

‘ಕಲ್ಲು ಸವೆಯಲ್ಲ ಕಣ್ಲಾ. ಕಿವಿ ಸವೀತದೆ.’

ಆ ಮಾತಿಗೆ ಮಂಜ, ನಾನು ಇಬ್ಬರೂ ನಕ್ಕಿದ್ದೆವು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಹೋದ ವರ್ಷದ ಸೀತಾಫಲದ ಕಾಲ. ದಸರೆ ರಜೆಗೆ ಹೋಗಿದ್ದ ನನ್ನನ್ನು ಅತ್ತೆ ಬೆಟ್ಟಕ್ಕೆ ಹೊರಡಿಸಿದಳು. ಮಂಡಿ ನೋಯುತ್ತಿದ್ದರೂ ಹಣ್ಣು ತುಂಬುವ ಮಂಕರಿ ಅವಳ ತಲೆಯ ಮೇಲಿತ್ತು. ಕೂಗುಬಂಡೆಯ ಹತ್ತಿರ ಇಬ್ಬರು ಹುಡುಗರು ಜಿದ್ದಿಗೆ ಬಿದ್ದವರಂತೆ ಬಡಿಯುತ್ತಿದ್ದರು. ಅತ್ತೆ ಕೈಯಲ್ಲಿ ಕಲ್ಲು ಹಿಡಿದು, ದೇವಸ್ಥಾನದಲ್ಲಿ ಸರದಿಗೆ ನಿಂತವಳಂತೆ ಕಾದಳು. ಕೊನೆಗೆ, ‘ಒಸಿ ಸುಮ್ಕಿರ್ರಪ್ಪಾ, ನಾನು ಯೋಳ್ಬೇಕು’ ಎಂದಳು. ಅವರು ನಕ್ಕು ಜಾಗ ಬಿಟ್ಟು, ಫೋನೆತ್ತಿ ಅವಳ ವಿಡಿಯೋ ಹಿಡಿಯತೊಡಗಿದರು. ಅವಳು ಬಿಟ್ಟು ಬಿಟ್ಟು ಹೊಡೆದಳು. ನಾವು ನಾಲ್ಕು ಹೆಜ್ಜೆ ಮೇಲೆ ಹೋಗುವುದರೊಳಗೆ ಹಿಂದೆ ಮತ್ತೆ ಗಲಾಟೆ ಶುರುವಾಯಿತು. ಅವಳು ಹೇಳಿದ್ದು ಅದರಲ್ಲಿ ಮುಳುಗಿಹೋಯಿತು. ದಿನವಿಡೀ ಕೇಳಿ ಕೇಳಿ ಕರಡಿಗೂ ಆ ಸದ್ದು ಗಾಳಿಯ ಸದ್ದಿನಂತಾಗಿತ್ತೇನೋ. ಅದು ಜಾಗ ಬಿಟ್ಟು ಕದಲಿರಲಿಲ್ಲ.

ಮಧ್ಯಾಹ್ನ ದಾಟಿತ್ತು, ಮಂಕರಿ ತುಂಬಿತ್ತು. ದೊಣೆಯ ಮೇಲಿನ ಚಾಚುಬಂಡೆಯ ಕೆಳಗೆ ಇನ್ನೊಂದು ಗಿಡ ಕಂಡು ಅತ್ತೆ ಬಗ್ಗಿದಳು. ಮೊದಲು ಬಂದದ್ದು ವಾಸನೆ, ಒದ್ದೆ ಗೋಣಿಚೀಲದಂಥದ್ದು. ಆಮೇಲೆ ಒಂದು ಕೆಮ್ಮು. ಕಪ್ಪಗೆ, ದೊಡ್ಡದಾಗಿ ಏನೋ ಎದ್ದು ನಿಂತಿತು, ಅದರ ಹಿಂದೆ ಚಿಕ್ಕದೊಂದು ಸರಿದಾಡಿತು. ಅತ್ತೆ ನನ್ನನ್ನು ಹಿಂದಕ್ಕೆ ತಳ್ಳಿದಳು. ಆ ತಳ್ಳಿದ ಕೈ ನನ್ನ ಎದೆಯ ಮೇಲೆ ಇವತ್ತಿಗೂ ಇದೆ. ಮಂಕರಿ ಉರುಳಿತು, ಹಣ್ಣುಗಳು ಬಂಡೆಯ ಮೇಲೆ ಪುಟಿದು ಬಿರಿದವು, ಅತ್ತೆ ಕೂಗಲಿಲ್ಲ. ನಾನೇ ಕೂಗಿದೆ. ಕರಡಿ ಮರಿಯೊಡನೆ ಪೊದೆ ಸೀಳಿಕೊಂಡು ಹೋದ ಮೇಲೆ ನೋಡಿದರೆ ಅವಳ ತೊಡೆ, ಭುಜ ನೋಡುವಂತಿರಲಿಲ್ಲ. ನನ್ನ ದುಪಟ್ಟಾ ಬಿಗಿದೆ. ಫೋನು ಆಂಧ್ರದ ಟವರನ್ನೂ ಹಿಡಿಯದೆ, ನಮ್ಮದನ್ನೂ ಹಿಡಿಯದೆ ಒದ್ದಾಡಿತು. ಅತ್ತೆ ಕಣ್ಣಿನಲ್ಲೇ ಕೆಳಗೆ ತೋರಿಸಿ ಹೇಳಿದಳು: ‘ಬಾರ್ಸೋಗು ಪಾಪ. ಬತ್ತಾರೆ.’

ಓಡುವಾಗ ಜಾರಿ ಬಿದ್ದು ಕಾಲು ಉಳುಕಿತು. ಕೂಗುಬಂಡೆಯ ತನಕ ತೆವಳಿದಂತೆಯೇ ಬಂದೆ. ಹುಡುಗರು ಎಲ್ಲೋ ಹೋಗಿದ್ದರು. ಕಲ್ಲೆತ್ತಿಕೊಂಡು ಬಿಡದೆ ಬಡಿದೆ. ಕೆಳಗೆ ಊರು ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಹಾಲಿನ ಕ್ಯಾನು ಕಟ್ಟಿದ ಬೈಕೊಂದು ನಿಲ್ಲದೆ ಹೋಯಿತು. ಬಟ್ಟೆ ಒಗೆಯುವವಳು ತಲೆಯೆತ್ತಲಿಲ್ಲ. ನೀಲಿ ಟಾರ್ಪಾಲಿನ ಕೆಳಗಿಂದ ಮಂಜ ಹೊರಬಂದ. ನನಗೆ ಹೋದ ಜೀವ ಬಂದಂತಾಯಿತು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಆಮೇಲೆ ಪ್ರವಾಸಿಗರಿಗೆಲ್ಲ ಮಾಡುವ ಹಾಗೆ ಕೈ ಬೀಸಿ ಒಳಗೆ ಹೋದ. ‘ಇವತ್ಯಾವನೋ ಒಳ್ಳೇ ಬ್ಯಾಂಡ್‌ನೋನು ಬಂದವ್ನೆ’ ಎಂದು ಗಿರಾಕಿಗಳಿಗೆ ಹೇಳಿದನಂತೆ. ಇದನ್ನು ಆಮೇಲೆ ಅವನೇ ನನ್ನೆದುರು ಹಣೆ ಚಚ್ಚಿಕೊಳ್ಳುತ್ತಾ ಹೇಳಿದ.

ನನ್ನ ಅಂಗೈ ಸುಲಿದಿತ್ತು. ಎಷ್ಟು ಜೋರಾಗಿ ಬಾರಿಸಿದರೆ ಅಷ್ಟೂ ಅದು ಅವರ ಕುಣಿತದಂತೆಯೇ ಕೇಳುತ್ತದೆ ಎಂಬುದು ಹೊಳೆದದ್ದು ತೋಳು ಸೋತ ಮೇಲೆ. ನಿಲ್ಲಿಸಿದೆ. ಒಂದು ಏಟು ಹಾಕಿದೆ. ಮೇಲೆ ಅತ್ತೆಯ ರಕ್ತ ಹರಿಯುತ್ತಿರುವಾಗ, ಆ ಸದ್ದು ಅಡಗುವ ತನಕ ಕಾದೆ. ಬದುಕಿನಲ್ಲಿ ಅಷ್ಟು ದೀರ್ಘವಾಗಿ ನಾನು ಯಾವುದಕ್ಕೂ ಕಾದಿಲ್ಲ. ಮತ್ತೆ ಇನ್ನೊಂದು ಹಾಕಿದೆ.

ಹೊಲದ ಬದುವಿನಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದ ಎಲ್ಲಪ್ಪಣ್ಣ, ಅತ್ತೆಯ ಓರಗೆಯವನು, ಎದ್ದು ನಿಂತದ್ದು ಕಂಡಿತು. ಅವನು ಆಮೇಲೆ ಹೇಳಿದ್ದು ಇಷ್ಟೇ: ‘ಒತ್ತು ವಾಲಿದ್ಮ್ಯಾಗೆ ನಮ್ಮೋರ್ ಯಾರೂ ಬೆಟ್ಟ ಅತ್ತಲ್ವಲ್ಲ, ಇದ್ಯಾರಪ್ಪಾ ನಮ್ ಏಟು ಆಕ್ತಾವ್ರೆ ಅಂತ ಎದೆ ಧಸಕ್ಕಂತು.’ ಅವನು ಕೂಗಿದ ಮೇಲೆ ಊರು ಎದ್ದಿತು. ಮಂಜ ಎಲ್ಲರಿಗಿಂತ ಮುಂದೆ ಓಡಿ ಬಂದ, ಕೈಯಲ್ಲಿ ಇನ್ನೂ ಸೌಟಿತ್ತು. ಅತ್ತೆಯನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು. ದಾರಿಯಲ್ಲಿ ನಿಲ್ಲಿಸಿದ್ದ ಕಾರುಗಳನ್ನು ಸರಿಸಿ ಗಾಡಿ ಹೊರಡಿಸುವುದರಲ್ಲಿ ಮತ್ತಷ್ಟು ಹೊತ್ತು ಹೋಯಿತು.

ಆಸ್ಪತ್ರೆಯಿಂದ ಬಂದ ಅತ್ತೆ ಮುಂದಿನ ಬೇಸಿಗೆಯ ತನಕ ಬಂಗಾರಪೇಟೆಯ ನನ್ನ ಮನೆಯಲ್ಲಿ ಇದ್ದಳು. ಗಾಯ ಕೀವಾಗಿ, ಮಾಗಿ, ಮತ್ತೆ ಕೀವಾಯಿತು. ರೈಲು ಹೋದಾಗಲೆಲ್ಲ, ‘ಇದ್ಯಾತಕ್ಕೆ ಕೂಗ್ತಾ ಐತೆ?’ ಎಂದು ಕೇಳುವಳು. ಸುಮ್ಮನೆ ಅತ್ತೆ, ಎಂದರೆ ನಂಬುತ್ತಿರಲಿಲ್ಲ. ಒಂದು ಸಂಜೆ ಗಂಜಿ ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದು ಕೇಳಿದಳು: ‘ಅವತ್ತು ಇಳ್ದಾಗ ಬಾರ್ಸಿದ್ರಾ ಪಾಪ?’ ಇಲ್ಲ ಎಂದೆ. ಯಾರಿಗೂ ನೆನಪೇ ಆಗಿರಲಿಲ್ಲ. ‘ಅಂಗಾದ್ರೆ ನಾನಿನ್ನೂ ಮ್ಯಾಲೇ ಇವ್ನಿ’ ಎಂದು ಗೋಡೆಯ ಕಡೆ ತಿರುಗಿದಳು. ಆ ಬೇಸಿಗೆಯಲ್ಲೇ ಅತ್ತೆ ತೀರಿಹೋದಳು. ಕಲ್ಲಿನ ಮನೆ ಈಗ ಬಂದವರು ಬಟ್ಟೆ ಬದಲಿಸುವ ಕೋಣೆಯಾಗಿದೆ. ದೊಡ್ಡಿ ಇದ್ದಲ್ಲಿ ಬೈಕು ನಿಲ್ಲುತ್ತವೆ. ಮಂಜ ಹಲಗೆ ಕಿತ್ತುಹಾಕಿದ, ‘ಬಾರಿಸಬೇಡಿ’ ಎಂದು ಹೊಸದೊಂದು ಬರೆಸಿ ತಂದು ನೆಟ್ಟ. ಆ ಹಲಗೆಯ ಪಕ್ಕ ನಿಂತೇ ಅವರು ಬಾರಿಸುತ್ತಾರೆ. ಇದನ್ನು ನಿಲ್ಲಿಸಿ ಎಂದು ನಾನು ಕೇಳದ ಕಚೇರಿಯಿಲ್ಲ, ಬೇಡದ ಜನರಿಲ್ಲ. ಕಲ್ಲಿಗೇನಾಗಿದೆ ಮೇಡಂ, ಚೆನ್ನಾಗೇ ಇದೆಯಲ್ಲ ಎನ್ನುತ್ತಾರೆ. ನಿಜ, ಚೆನ್ನಾಗೇ ಇದೆ. ನಿಮ್ಮೂರಿನಲ್ಲೂ ಹೀಗೆ ಚೆನ್ನಾಗೇ ಉಳಿದಿರುವ ಏನಾದರೂ ಇದ್ದರೆ, ನನ್ನ ಸಿಟ್ಟು ನಿಮಗೆ ಅರ್ಥವಾದೀತು.

ಹೋದ ತಿಂಗಳು ಒಬ್ಬಳೇ ಹೋಗಿದ್ದೆ. ಭಾನುವಾರ. ಕೂಗುಬಂಡೆಯ ಮುಂದೆ ಸಾಲಿತ್ತು. ನೇರ ಮುಂದೆ ಹೋದವಳಿಗೆ, ‘ಆಂಟಿ, ಲೈನಲ್ಲಿ ಬನ್ನಿ’ ಎಂದಳೊಬ್ಬ ಹುಡುಗಿ, ಮರ್ಯಾದೆಯಾಗಿಯೇ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕಲ್ಲೆತ್ತಿ ಕುಳಿಯ ನಡುವೆ ಒಂದೇ ಒಂದು ಏಟು ಹಾಕಿದೆ, ಇಳಿದವರ ಏಟು. ‘ಅಷ್ಟೇನಾ ಆಂಟಿ?’ ಎಂದು ಹಿಂದಿನವನು ನಕ್ಕ. ಅಷ್ಟೇ, ಎಂದೆ. ಕೆಳಗೆ ಎಲ್ಲಪ್ಪಣ್ಣನ ಬದುವಿನತ್ತ ನೋಡುತ್ತಾ ಆ ಸದ್ದು ಅಡಗುವ ತನಕ ಕಾಯಬೇಕೆಂದಿದ್ದೆ. ಅದು ಅಡಗುವ ಮೊದಲೇ ಹಿಂದಿನವನು ಬಾರಿಸತೊಡಗಿದ.