ಹೈಡ್ರೋಜನ್ ಪೆಟ್ಟಿಗೆಯೂ ಕಾಕಾನ ಕಾಲೂ

ಚಿಂತೆ ಮಾಡಲು ನನಗೆ ಕಾರಣ ಬೇಕಾಗುವುದಿಲ್ಲ. ಅಪ್ಪ ಬಿಟ್ಟುಹೋದ ಒಂದು ಲಾರಿ, ಅದನ್ನು ಓಡಿಸುವ ಒಬ್ಬ ಡ್ರೈವರ್, ಮುಂಬೈಯ ಸಯನ್‌ನಲ್ಲಿ ಒಂದು ಮೇಜು ಎರಡು ಕುರ್ಚಿ ಹಿಡಿಯುವಷ್ಟು ಆಫೀಸು. ಇಷ್ಟನ್ನೇ ಇಟ್ಟುಕೊಂಡು ಒಬ್ಬ ಮನುಷ್ಯ ದಿನವಿಡೀ ಎಷ್ಟು ಹೆದರಬಹುದು ಎಂಬುದನ್ನು ನಾನು ಐವತ್ತು ದಾಟುವ ಹೊತ್ತಿಗೆ ಸಾಧಿಸಿ ತೋರಿಸಿದ್ದೆ. ಟಯರು ಸಿಡಿದರೆ? ಘಾಟಿನಲ್ಲಿ ಬ್ರೇಕು ಹೋದರೆ? ಡೀಸೆಲ್ ದರ ಏರಿದರೆ ಎಂದು ಮಾತ್ರ ಕೇಳಿಕೊಳ್ಳುತ್ತಿರಲಿಲ್ಲ. ಅದು ಏರಿಯೇ ಇರುತ್ತಿತ್ತು.

ಡ್ರೈವರ್ ಎಂದರೆ ಕಾಕಾ. ರಕ್ತಸಂಬಂಧವೇನಿಲ್ಲ. ನಮ್ಮ ವಿಜಯಪುರದ ಕಡೆಯವ, ಅಪ್ಪನ ಹತ್ತಿರ ಕ್ಲೀನರ್ ಆಗಿ ಬಂದು ಡ್ರೈವರ್ ಆದವ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವ. ಅಪ್ಪ ಹೋದ ಮೇಲೆ ಊರಿಗೆಲ್ಲ ನಾನು ಮಾಲಕನಾದೆ, ಕಾಕಾನ ಬಾಯಲ್ಲಿ ಮಾತ್ರ ‘ತಮ್ಮಾ’ ಆಗಿಯೇ ಉಳಿದೆ. ನಾನು ಅವನಿಗೆ ನೀ, ಅವನು ನನಗೆ ನೀ. ಆ ಒಂದು ಧೈರ್ಯದ ಮೇಲೆ ಲಾರಿ ಮುಂಬೈಯಿಂದ ಹುಬ್ಬಳ್ಳಿಗೆ ಹೋಗಿ ಬರುತ್ತಿತ್ತು.

ಪೆಟ್ಟಿಗೆ ಬಂದದ್ದು ಕಾಂದಿವಲಿಯಿಂದ. ಅಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಮಂಗಳೂರು ಕಡೆಯ ಒಬ್ಬರು, ಮೊದಲು ಹೋಟೆಲುಗಳಿಗೆ ಒಲೆ ಮಾಡಿಕೊಡುತ್ತಿದ್ದವರು, ಈಗ ಲಾರಿಗಳಿಗೆ ಹೈಡ್ರೋಜನ್ ಕಿಟ್ ಕೂರಿಸುತ್ತಿದ್ದರು. ಸ್ಟೀಲಿನ ಪೆಟ್ಟಿಗೆ, ಒಳಗೆ ಸಾಲಾಗಿ ತಗಡು, ಬ್ಯಾಟರಿಗೆ ಹಾಕುವಂಥ ಶುದ್ಧ ನೀರು, ಒಂದು ಚಮಚ ಕ್ಷಾರದ ಪುಡಿ. ಇಂಜಿನ್ ಚಾಲೂ ಆದಾಗ ಕರೆಂಟು ಹರಿದು ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ. ಅದು ಪೈಪಿನಲ್ಲಿ ಹಾದು ಇಂಜಿನ್ ಎಳೆದುಕೊಳ್ಳುವ ಗಾಳಿಗೆ ಸೇರುತ್ತದೆ. ಡೀಸೆಲ್ ಪೂರ್ತಿ ಉರಿಯುತ್ತದೆ, ಹೊಗೆ ಕಡಿಮೆ, ಆವರೇಜು ಜಾಸ್ತಿ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದಕ್ಕೆ ನಮ್ಮ ಲೈನಿನಲ್ಲಿ ಆವರೇಜು ಎನ್ನುತ್ತಾರೆ. ಲಾರಿ ಇದ್ದವರು ಮಕ್ಕಳ ಮಾರ್ಕ್ಸಿಗಿಂತ ಮೊದಲು ಕೇಳುವ ಅಂಕಿ ಅದು.

“ನಿಮಗೆ ಎಂತ ಟೆನ್ಶನ್ ಮಾರಾಯ್ರೆ? ನೀರು ಹಾಕಿ, ಗಾಡಿ ಬಿಡಿ. ಆವರೇಜ್ ಬರದಿದ್ರೆ ಪೆಟ್ಟಿಗೆ ತಂದು ನನ್ನ ತಲೆ ಮೇಲೆ ಹಾಕಿ” ಎಂದರು ಅವರು.

ಇದೇ ಮಾತನ್ನು ಹಿಂದಿಯಲ್ಲಿ ಹೇಳಿದ್ದರೆ ನಾನು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಮುಂಬೈಯಲ್ಲಿ ನಮ್ಮವರ ತಪ್ಪೇ ಇದು. ಕನ್ನಡದಲ್ಲಿ ಹೇಳಿದವರನ್ನು ಊಟಕ್ಕೆ ಕರೆಯುತ್ತೇವೆ. ಅವರು ಮನೆಗೆ ಬಂದು ನಾಲ್ಕು ರೊಟ್ಟಿ ಉಂಡು, ಎಣ್ಣೆಗಾಯಿ ಹೊಗಳಿ ಹೋದ ಮೇಲೆ ಹೆಂಡತಿ ಕೇಳಿದಳು:

“ಅವ್ರ ಗಾಡಿಗೆ ಈ ಪೆಟಗಿ ಹಾಕ್ಯಾರೇನು?”

“ಅವ್ರದು ಸ್ಕೂಟರ್ ಅದ.”

“ಹಂಗೇನು” ಎಂದಷ್ಟೇ ಹೇಳಿ ತಾಟು ಎತ್ತಿಕೊಂಡು ಹೋದಳು.

ವಡಾಳಾದ ಟ್ರಕ್ ಅಡ್ಡೆಯಲ್ಲಿ ಪೆಟ್ಟಿಗೆ ಕೂರಿಸಿದಾಗ ಕಾಕಾ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ.

“ತಮ್ಮಾ, ನೀರ್ ಕುಡದು ಓಡ್ತೈತೇನು ಇನ್ನ ಗಾಡಿ?”

“ಓಡೂದು ಡೀಸೆಲ್ ಮ್ಯಾಲೆನ ಕಾಕಾ. ಇದು ಉರಿಯೂದನ್ನ ಸುಧಾರಸ್ತದ.”

“ಕರೆಂಟ್ ಎಲ್ಲಿಂದ ತಗೋತೈತಿ?”

“ಗಾಡೀದ.”

“ಅಂದ್ರ ಗಾಡೀದು ತಗೊಂಡು ಗಾಡಿಗೇ ಕೊಡ್ತೈತಿ” ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. “ಇರ್ಲಿ ಬಿಡು. ನೀ ಹಾಕ್ಸೀದಿ ಅಂದ್ರ ಛಲೋನ ಇರ್ತೈತಿ.”

ಆ ಮಾತನ್ನು ನಾನು ಪೆಟ್ಟಿಗೆಗೆ ಸಿಕ್ಕ ಸರ್ಟಿಫಿಕೇಟು ಎಂದುಕೊಂಡೆ.

ಪರೀಕ್ಷೆಯ ಕ್ರಮ ಸರಳ. ಹೊರಡುವಾಗ ಟಾಂಕಿಯ ಬಾಯಿತನಕ ಡೀಸೆಲ್, ಹೋಗಿ ಬಂದ ಮೇಲೆ ಅದೇ ಪಂಪಿನಲ್ಲಿ ಮತ್ತೆ ಬಾಯಿತನಕ. ಓಡಿದ ದೂರವನ್ನು ಹಿಡಿದಷ್ಟು ಲೀಟರಿನಿಂದ ಭಾಗಿಸಿದರೆ ಉತ್ತರ. ಮೊದಲ ಟ್ರಿಪ್ಪಿನಲ್ಲಿ ಫರಕು ಬೀಳಲಿಲ್ಲ. ನಾನು ಮೂರು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಮ್ಮ ಕನ್ನಡ ಸಂಘದ ಸಭೆಯಲ್ಲಿ, ಎಂಟು ಲಾರಿ ಇಟ್ಟ ಬೆಳಗಾವಿಯ ಸಾಹುಕಾರರ ಮುಂದೆಯೇ, ಹೈಡ್ರೋಜನ್ ಬಗ್ಗೆ ಭಾಷಣದಂಥದ್ದು ಮಾಡಿಬಿಟ್ಟಿದ್ದೆ. ಕಾಕಾನ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವನು ಕೇಳಿಸಿಕೊಂಡು, ಚಹಾ ಕುಡಿದು, ಗಾಡಿ ಹತ್ತಿದ.

ಎರಡನೆಯ ಟ್ರಿಪ್ಪಿನಿಂದ ಆವರೇಜು ಏರಿತು. ಮೂರನೆಯದರಲ್ಲಿ ಇನ್ನೂ ಏರಿತು. ನಾನು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಪಂಪಿನ ರಸೀದಿಗಳ ಫೋಟೊ ಹಾಕಿದೆ. ಕಾಂದಿವಲಿಯವರು ಬಂದು ಲಾರಿಯ ಪಕ್ಕ ನನ್ನನ್ನೂ ಕಾಕಾನನ್ನೂ ನಿಲ್ಲಿಸಿ ತಮ್ಮ ಜಾಹೀರಾತಿಗೆ ಫೋಟೊ ತೆಗೆದರು. ಅದರಲ್ಲಿ ನಾನು ಹೆಬ್ಬೆರಳು ಎತ್ತಿದ್ದೇನೆ. ಕಾಕಾ ಬೇರೆಲ್ಲೋ ನೋಡುತ್ತಿದ್ದಾನೆ.

ಈ ಸುಖವನ್ನು ನಾನು ಸುಮ್ಮನೆ ಅನುಭವಿಸಲಿಲ್ಲ. ಲಾರಿಗೆ ಜಿಪಿಎಸ್ ಇದೆ. ಮೊಬೈಲಿನಲ್ಲಿ ಅದು ನೀಲಿ ಚುಕ್ಕೆಯಾಗಿ ಕಾಣುತ್ತದೆ. ಆ ತಿಂಗಳುಗಳಲ್ಲಿ ಚುಕ್ಕೆ ಬಸುರಿ ಹೆಂಗಸಿನಂತೆ ನಡೆಯುತ್ತಿತ್ತು. ನಿಂತಲ್ಲಿ ನಿಲ್ಲುತ್ತಿತ್ತು. ಸರಕು ಅರ್ಧ ದಿನ, ಕೆಲವೊಮ್ಮೆ ಒಂದು ದಿನ ತಡವಾಗಿ ಮುಟ್ಟುತ್ತಿತ್ತು. ನಾನು ಫೋನ್ ಮಾಡಿ ಕೂಗಾಡುತ್ತಿದ್ದೆ.

“ಕಾಕಾ, ಸಾತಾರಾದಾಗ ಏನ್ ಬೇರು ಬಿಟ್ಟೀಯೇನು?”

“ಬಂದೆ ತಮ್ಮಾ, ಬಂದೆ.”

“ವಯಸ್ಸಾತು ನಿನಗ. ಮಾಲಿನ ಪಾರ್ಟಿ ನನ್ನ ಬೈತಾರ.”

“ಬೈಲಿ ಬಿಡು, ನಾ ಬಂದು ಬೈಸ್ಕೋತೀನಿ.” ಪ್ರತಿ ಸಲ ಕೊನೆಗೆ ನಾನು ಕೇಳುತ್ತಿದ್ದೆ, “ಪೆಟಗಿಗೆ ನೀರ್ ಹಾಕೀದಿ?” ಅವನು “ಹಾಕೀನಿ” ಎನ್ನುತ್ತಿದ್ದ.

ಆಮೇಲೆ ಅವನ ಮಗಳ ಕುಬಸ ಬಂತು. ಬಸುರಿ ಮಗಳಿಗೆ ಉಡಿ ತುಂಬುವ ಕಾರ್ಯ, ತಂದೆ ಇರದೆ ಆಗುತ್ತದೆಯೇ. ಮೂರು ವಾರ ಊರಿಗೆ ಹೋದ. ಬದಲಿಗೆ ಅಡ್ಡೆಯಿಂದ ಒಬ್ಬ ಹುಷಾರು ಡ್ರೈವರ್‌ನನ್ನು ಹತ್ತಿಸಿದೆ. ಸರಕು ವೇಳೆಗೆ ಸರಿಯಾಗಿ ಮುಟ್ಟಿತು. ಆವರೇಜು ಪೆಟ್ಟಿಗೆ ಹಾಕುವ ಮೊದಲು ಎಲ್ಲಿತ್ತೋ ಅಲ್ಲಿಗೆ ಬಂದು ಕೂತಿತು.

ಪೆಟ್ಟಿಗೆ ಕೆಟ್ಟಿತೆಂದು ಅಡ್ಡೆಯ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವನು ಮುಚ್ಚಳ ತೆಗೆದ. ಒಳಗೆ ಒಣಗಿ ಬಿಳಿಯ ಪುಡಿ ಕಟ್ಟಿತ್ತು. ವಯರಿನ ಜಾಡು ಹಿಡಿದು ಹೋದ. ಫ್ಯೂಜು ಇರಬೇಕಾದಲ್ಲಿ ಇರಲಿಲ್ಲ. ವಯರಿನ ತುದಿಗೆ ನೀಟಾಗಿ ಟೇಪು ಸುತ್ತಿತ್ತು.

“ಯೇ ತೋ ಕಬ್ ಕಾ ಬಂದ್ ಹೈ, ಸೇಠ್. ಮಹೀನೋಂ ಸೇ.”

ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆಯನ್ನು ಬೈದು ಮನೆಗೆ ಹೋಗುತ್ತಿದ್ದರು. ನನ್ನ ತಲೆ ಹಾಗೆ ಕೆಲಸ ಮಾಡುವುದಿಲ್ಲ. ಪೆಟ್ಟಿಗೆ ತಿಂಗಳುಗಳಿಂದ ಬಂದ್ ಇದ್ದರೂ ಆವರೇಜು ಬರುತ್ತಿತ್ತು ಎಂದರೆ, ಆ ಆವರೇಜು ಮೊದಲಿಂದಲೂ ಲಾರಿಯಲ್ಲಿ ಇತ್ತು. ಹಾಗಾದರೆ ಇಷ್ಟು ವರ್ಷ ಆ ಡೀಸೆಲ್ ಎಲ್ಲಿ ಹೋಗುತ್ತಿತ್ತು? ನಮ್ಮ ಲೈನಿನಲ್ಲಿ ಇದಕ್ಕೆ ಒಂದೇ ಉತ್ತರ: ಢಾಬಾದ ಹಿಂದೆ, ಕ್ಯಾನಿನಲ್ಲಿ. ಎಲ್ಲ ಮಾಲಕರೂ ಎಲ್ಲ ಡ್ರೈವರುಗಳ ಬಗ್ಗೆ ಹೇಳುವ ಮಾತು. ನಾನೊಬ್ಬನೇ ಹೇಳಿರಲಿಲ್ಲ. ಪರೀಕ್ಷೆ ನಡೆದಿದೆ ಎಂದು ಗೊತ್ತಾಗಿ ಕಾಕಾ ಕದಿಯುವುದನ್ನು ನಿಲ್ಲಿಸಿದ್ದಾನೆ ಎಂದು ಒಂದು ವಾರದಲ್ಲಿ ನನಗೆ ಖಾತ್ರಿಯಾಯಿತು.

ಕಾಕಾ ಬಂದ. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ನನ್ನ ಮೇಜಿನ ಮೇಲೆ ಬಿಚ್ಚಿಟ್ಟ ಪೆಟ್ಟಿಗೆ ಕಂಡು, “ಅಯ್ಯ, ಗೊತ್ತಾತೇನು” ಎಂದು ಸಣ್ಣಗೆ ನಕ್ಕ. ಆ ನಗುವೂ ನನಗೆ ಸಾಕ್ಷಿಯಾಯಿತು.

“ಕಾಕಾ, ಒಂದ್ ಮಾತು. ಪೆಟಗಿ ಬರೂಕಿಂತ ಮೊದ್ಲ ಡೀಸೆಲ್ ಎಲ್ಲಿ ಹೋಗ್ತಿತ್ತು?”

ಅವನಿಗೆ ಪ್ರಶ್ನೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕುರ್ಚಿಯ ಅಂಚಿಗೆ ಸರಿದು ಕೂತ.

“ಮೊದಲ್ನೇ ಟ್ರಿಪ್ಪಿನಾಗ ಖಂಬಾಟಕಿ ಘಾಟ್ ಹತ್ತೂವಾಗ ಹಾರ್ನ್ ಬಾಯಿ ಬಿಡಲಿಲ್ಲ. ಬ್ಯಾಟರಿ ಎಲ್ಲಾ ಅದ ಹೀರಿತ್ತು. ಅಲ್ಲೇ ಫ್ಯೂಜ್ ಕಿತ್ತೆ. ನೀ ಕೊಟ್ಟ ನೀರು ಬ್ಯಾಟರಿಗೆ ಹಾಕ್ತಿದ್ದೆ.”

“ಮತ್ತ ಆವರೇಜ್?”

“ನೀ ನಾಕ್ ಮಂದ್ಯಾಗ ಮಾತಾಡಿ ಬಂದಿದ್ದಿ. ಉಣ್ಣಲಾರ್ದ ಕೂತಿದ್ದಿ.” ಅವನು ತನ್ನ ಬಲಗಾಲನ್ನು ನೋಡಿಕೊಂಡ. “ಐವತ್ತರ ಮ್ಯಾಲೆ ಕಾಲ ಒತ್ತಲಿಲ್ಲ. ಟೋಲ್‌ನಾಗ, ಜಾಮ್‌ನಾಗ ಇಂಜಿನ್ ಬಂದ್ ಮಾಡ್ದೆ. ತಡ ಆತು. ಬೈದಿ. ಬೈಸ್ಕೊಂಡೆ.”

ನನ್ನ ಅಂಗೈಯ ಮೇಲೆ ಮೂರು ತಿಂಗಳು ತೆವಳಿದ ನೀಲಿ ಚುಕ್ಕೆ ಇದೇ ಮಾತನ್ನು ಹೇಳುತ್ತಿತ್ತು. ನಾನು ಅದನ್ನು ಗಂಟೆಗೊಮ್ಮೆ ನೋಡಿದ್ದೆ.

“ಕಾಕಾ, ನಾ ಹಂಗ ಅನ್ಲಿಲ್ಲ...”

ಅವನು ಕಿಸೆಯಿಂದ ಲಾರಿಯ ಕೀಲಿ ತೆಗೆದು ಪೆಟ್ಟಿಗೆಯ ಪಕ್ಕ ಇಟ್ಟ. ಉಂಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದ. “ಮನ್ಯಾಗ ಕೊಡ್ರಿ” ಎಂದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಬರ್ತೀನ್ರಿ ಮಾಲಕ್ರ” ಎಂದ.

ಪೆಟ್ಟಿಗೆಯನ್ನು ಕಾಂದಿವಲಿಗೆ ಒಯ್ದೆ. ತಲೆಯ ಮೇಲೆ ಹಾಕುವ ಧೈರ್ಯವಾಗಲಿಲ್ಲ, ಕಾಲ ಬಳಿ ಇಟ್ಟೆ. ಅವರು ನಿಜಕ್ಕೂ ಬೆಚ್ಚಿದರು. “ಹಾಗಾದ್ರೆ ಬೇರೆಯವರಿಗೆಲ್ಲ ಆವರೇಜ್ ಬರುದು ಹೇಗೆ ಮಾರಾಯ್ರೆ?” ಅವರ ಗಾಡಿಗಳಲ್ಲೂ ಒಬ್ಬೊಬ್ಬ ಕಾಕಾ ಇರಬೇಕು ಎನಿಸಿತು, ಹೇಳಲಿಲ್ಲ.

ಹೇಳಿದ್ದು ಬೆಳಗಾವಿಯ ಸಾಹುಕಾರರಿಗೆ. ಎಂಟು ಪೆಟ್ಟಿಗೆ ಕೊಳ್ಳುವ ಮೊದಲು ಫೋನ್ ಮಾಡಿದ್ದರು. ಜೀವನದಲ್ಲಿ ಒಮ್ಮೆಯಾದರೂ ನೆಟ್ಟಗೆ ಮಾತಾಡೋಣವೆಂದು, ಪೆಟ್ಟಿಗೆ ಏನೂ ಮಾಡಲಿಲ್ಲ, ಮಾಡಿದ್ದು ನಮ್ಮ ಡ್ರೈವರ್ ಎಂದು ಮೊದಲಿನಿಂದ ಕೊನೆಯತನಕ ಹೇಳಿದೆ, ನನ್ನ ಪ್ರಶ್ನೆಯನ್ನೂ ಬಿಡದೆ. ಅವರು ಪೂರ್ತಿ ಕೇಳಿ, “ಹಂಗಾರ ಪೆಟಗಿ ಬ್ಯಾಡ ಬಿಡ್ರಿ. ಆ ಡ್ರೈವರ್ ನಂಬರ್ ಕಳಸ್ರಿ” ಎಂದರು.

ಕಳಿಸಿದೆ. ನನಗೆ ಅವನು ಫೋನ್ ಎತ್ತುತ್ತಿರಲಿಲ್ಲ. ಅವರಿಗೆ ಎತ್ತಿದ.

ಮೊನ್ನೆ ವಡಾಳಾದಲ್ಲಿ ಅವರ ಹೊಸ ಲಾರಿಯ ಕಿಟಕಿಯಿಂದ ಕಾಕಾ ನನ್ನನ್ನು ಕಂಡ. ಮುಖ ತಿರುಗಿಸಲಿಲ್ಲ. “ಆರಾಮ ಅದೀರಿ? ಊಟ ಮಾಡ್ರಿ ವ್ಯಾಳ್ಯಾಕ್ಕ” ಎಂದ. ಮಗಳಿಗೆ ಏನಾಯಿತು ಎಂದು ಕೇಳಿದೆ. ಗಂಡು ಎಂದ. ಮುಂದಿನ ಗಾಡಿ ಸರಿದ ಮೇಲೆ, ಒಂದು ಸಲವೂ ಇಂಜಿನ್ ಗುರುಗುಟ್ಟಿಸದೆ, ಮೆಲ್ಲಗೆ ಕ್ಲಚ್ ಬಿಟ್ಟು ಹೋದ.