ನೀರಿನ ಟ್ಯಾಂಕಿಗೆ ಬಂದ ಇಂಟರ್ನೆಟ್

ಡೊಂಬಿವಲಿಯಲ್ಲಿ ನಾನೂ ನನ್ನ ಗಂಡನೂ ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಕೇಬಲ್ ಎಳೆದು ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದೆವು. ಹನ್ನೊಂದನೆಯ ತರಗತಿಗೆ ಕಾಲೇಜು ಸೇರುವ ಅರ್ಜಿಗಳು ಆನ್‌ಲೈನ್ ಆದ ಹೊಸತು. ಪಕ್ಕದ ಪೇಟೆ ಕಲ್ಯಾಣದ ಆಚೆಯ ಗುಡ್ಡದ ಹಳ್ಳಿಯೊಂದರ ಶಿಕ್ಷಕಿ ಒಂದು ಮಧ್ಯಾಹ್ನ ನಮ್ಮ ಅಂಗಡಿಗೆ ಬಂದರು.

“ಒಂದು ಅರ್ಜಿ ತುಂಬಲು ನಮ್ಮ ಹುಡುಗಿಯರು ಕಲ್ಯಾಣದ ಸೈಬರ್ ಕೆಫೆಗೆ ಬರಬೇಕು. ಇಡೀ ದಿನ ಹೋಗುತ್ತದೆ. ತಪ್ಪಾದರೆ ಇನ್ನೊಂದು ದಿನ,” ಎಂದು ಮರಾಠಿಯಲ್ಲಿ ಹೇಳಿಕೊಂಡರು. ಇಷ್ಟು ಕಡಿಮೆ ಮನೆಗಳಿಗೆ ಕೇಬಲ್ ಹಾಕಲಾಗದು ಎಂದು ದೊಡ್ಡ ಕಂಪನಿಯವರು ಹೇಳಿಬಿಟ್ಟಿದ್ದರಂತೆ.

“ಅಷ್ಟು ದೂರ ನಮ್ಮಿಂದಲೂ ಆಗ್ಲಿಕ್ಕಿಲ್ಲ,” ಅಂದರು ನನ್ನವರು.

ನಾನು ಸುಮ್ಮನಿರಲಿಲ್ಲ. “ಟೀಚರ್, ನಿಮ್ಮ ಶಾಲೆಯಿಂದ ಕಲ್ಯಾಣದ ಬಿಲ್ಡಿಂಗ್‌ಗಳು ಕಾಣುತ್ತವೆಯೇ?”

“ಶಾಲೆಯಿಂದ ಇಲ್ಲ. ಪಕ್ಕದ ನೀರಿನ ಟ್ಯಾಂಕ್ ಹತ್ತಿದರೆ ಕಾಣುತ್ತವೆ.”

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಡುವೆ ಏನೂ ಅಡ್ಡವಿಲ್ಲದಿದ್ದರೆ ಕೇಬಲ್ಲೇ ಬೇಡ. ಎರಡೂ ಕಡೆ ಒಂದೊಂದು ಡಿಶ್ ಎದುರುಬದುರು ನಿಲ್ಲಿಸಿದರೆ ಸಾಕು, ಸಿಗ್ನಲ್ ಗಾಳಿಯಲ್ಲೇ ದಾಟುತ್ತದೆ!

ಕಲ್ಯಾಣದಲ್ಲಿ ಪರಿಚಯದವರ ಹೌಸಿಂಗ್ ಸೊಸೈಟಿಯ ಟೆರೇಸ್ ಮೇಲೆ ಒಂದು ಡಿಶ್ ಕೂರಿಸಿ, ಇಂಟರ್ನೆಟ್ ಲೈನಿಗೆ ಜೋಡಿಸಿ, ಭಾನುವಾರ ಇನ್ನೊಂದನ್ನು ಹೊತ್ತು ಹಳ್ಳಿಗೆ ಹೋದೆವು. ನನ್ನವರಿಗೆ ಮಂಡಿನೋವು. ದುಪಟ್ಟಾ ಸೊಂಟಕ್ಕೆ ಬಿಗಿದು ಟ್ಯಾಂಕಿನ ಏಣಿ ಹತ್ತಿದವಳು ನಾನೇ. ಕೆಳಗೆ ಅವರು ಲ್ಯಾಪ್‌ಟಾಪ್ ನೋಡುತ್ತ ಕೂಗುತ್ತಿದ್ದರು.

“ಬಲಕ್ಕೆ! ಅಷ್ಟೆಂತಕ್ಕೆ ಮಾರಾಯ್ತಿ, ಒಂಚೂರು!”

ಎಷ್ಟು ತಿರುಗಿಸಿದರೂ ಸಿಗ್ನಲ್ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ, ಎದುರಿಗೆ ಮಾವಿನ ಮರದ ತುದಿ. ಅದನ್ನು ಕಡಿಯುವ ಮಾತನ್ನು ಯಾರೂ ಎತ್ತಲಿಲ್ಲ. ಊರವರು ಗಣಪತಿ ಮಂಟಪದ ಉದ್ದನೆಯ ಕಬ್ಬಿಣದ ಪೈಪ್ ತಂದು ಮೇಲೆ ಕೊಟ್ಟರು. ಡಿಶ್ಶನ್ನು ಅದರ ತುದಿಗೆ ಕಟ್ಟಿ, ಮರಕ್ಕಿಂತ ಎತ್ತರಕ್ಕೆ ನಿಲ್ಲಿಸಿ, ಮೆಲ್ಲಗೆ ತಿರುಗಿಸಿದೆ.

“ಬಂತು! ಬಂತು ಮಾರಾಯ್ತಿ! ಅಲ್ಲಾಡ್ಬೇಡ!”

ಅಲ್ಲಾಡದಂತೆ ಹಿಡಿದು ನಟ್ಟು ಬಿಗಿದೆ. ಇಳಿದದ್ದು ಹೇಗೋ, ನೆನಪಿಲ್ಲ.

ಟ್ಯಾಂಕಿನಿಂದ ಶಾಲೆಗೆ ಕೇಬಲ್ ಎಳೆದೆವು. ಅಲ್ಲಿನ ಹಳೆಯ ಕಂಪ್ಯೂಟರಿನೆದುರು ಶಿಕ್ಷಕಿ ಒಬ್ಬ ಹುಡುಗಿಯನ್ನು ಕೂರಿಸಿದರು. ಪುಟ ತಟ್ಟನೆ ತೆರೆಯಿತು. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಅರ್ಜಿ ತುಂಬಿ ಕಳಿಸಿದಳು.

“ಝಾಲಂ?” ಎಂದು ನನ್ನತ್ತ ತಿರುಗಿದಳು. ಆಯಿತಾ, ಇಷ್ಟೇನಾ ಎಂಬಂತೆ.

“ಝಾಲಂ!” ಅಂದೆ. ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಒಂದೇ ಕನೆಕ್ಷನ್ನನ್ನು ಶಾಲೆ ಮತ್ತು ಸುತ್ತಲಿನ ಮನೆಗಳು ಹಂಚಿಕೊಂಡವು. ಹಾಗಾಗಿ ಖರ್ಚು ಯಾರಿಗೂ ಹೊರೆಯಾಗಲಿಲ್ಲ. ಆ ಹುಡುಗಿಗೆ ಕಲ್ಯಾಣದ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದು ಶಿಕ್ಷಕಿ ಫೋನ್ ಮಾಡಿದಾಗ ನಾನು ಅಂಗಡಿಯಲ್ಲೇ ಕಿರುಚಿಬಿಟ್ಟೆ. ಅಷ್ಟರಲ್ಲಿ ಅಕ್ಕಪಕ್ಕದ ಎರಡು ಹಳ್ಳಿಗಳವರೂ ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ಆಗಲಿಕ್ಕಿಲ್ಲ ಅಂದಿದ್ದ ನನ್ನವರೇ ಕೌಂಟರಿನ ಮೇಲೆ ನಕ್ಷೆ ಹರಡಿ, ಆ ಗುಡ್ಡ ಎಷ್ಟು ಎತ್ತರ, ಈ ಊರು ಯಾವ ದಿಕ್ಕಿಗೆ ಎಂದು ಅವರನ್ನು ಕೇಳುತ್ತಿದ್ದರು.