ನೀಲಮ್ಮ ಟೀಚರ್ ಮತ್ತು ಎಲೆಯಿಲ್ಲದ ಗಿಡ

ನೀಲಮ್ಮ ಟೀಚರ್ ಗಿಡ ಬಿಡಿಸಿದರೆ ಅದಕ್ಕೆ ಎಲೆ ಇರುತ್ತಿರಲಿಲ್ಲ. ಬಣ್ಣವೂ ಇಲ್ಲ, ಕರಿ ಮಸಿಯೊಂದೇ. ಕೊಂಕಿದ ಒಂದು ಕೊಂಬೆ, ಅಲ್ಲೊಂದು ಇಲ್ಲೊಂದು ಐದೆಸಳಿನ ಹೂವು, ಉಳಿದ ಹಾಳೆಯೆಲ್ಲ ಖಾಲಿ. ಮಾನ್ವಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಕಲಿಸುತ್ತಿದ್ದರು, ನಾನು ಗಣಿತ. ಇಬ್ಬರೂ ರಾಯಚೂರಿನಿಂದ ಒಂದೇ ಬಸ್ಸಿಗೆ ಬರುತ್ತಿದ್ದೆವು. ಅವರು ದೂಳು ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಅದೇ ಕೊಂಬೆ ಎಳೆಯುತ್ತ ಕೂರುವರು. ಕಂಡಕ್ಟರ್ ಕೂಗಿದರೂ ಅವರಿಗೆ ಕೇಳಿಸದು.

"ಇದು ಒಣಗಿದ್ದೇನ್ರಿ ಟೀಚರ್, ಹಸೀದೇನ್ರಿ?" ಎಂದು ಹೆಡ್‌ಮಾಸ್ತರು ಒಮ್ಮೆ ಕೇಳಿದರು.

"ಪ್ಲಮ್ ಗಿಡರೀ ಸರ್. ಚೀನಾದಾಗ ಚಳಿ ಮುಗಿಯೋಕಿಂತ ಮೊದ್ಲ ಹೂ ಬಿಡ್ತದಂತ. ಎಲಿ ಆಮ್ಯಾಲೆ."

"ನೀವು ನೋಡೀರೇನು?"

"ಎಲ್ಲಿಂದ ನೋಡ್ಲಿರೀ! ಓದೋ ಮುಂದ ಪುಸ್ತಕದಾಗ ಒಂದು ಚೀನೀ ಚಿತ್ರ ನೋಡಿದ್ದೆ. ಅದು ನನ್ನ ಬಿಡವಲ್ದು."

ಈ ಉರಿಬಿಸಿಲಿನ ಸೀಮೆಯಲ್ಲಿ ಕೂತು, ಎಂದೂ ಕಾಣದ ಗಿಡವನ್ನು ವರ್ಷಗಟ್ಟಲೆ ಬಿಡಿಸುವುದು ಯಾಕೆಂದು ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ, "ನನಗೂ ತಿಳಿಯಂಗಿಲ್ರೀ ಸರ್" ಎಂದು ನಕ್ಕುಬಿಡುವರು.

ಅವರ ತವರು ದೇವದುರ್ಗ. ಅಲ್ಲಿ ಓಣಿಯವರೆಲ್ಲ ಸೇರಿ ಪುಟ್ಟ ಬುದ್ಧವಿಹಾರ ಕಟ್ಟಿದಾಗ, ಮೂರ್ತಿಯ ಹಿಂದಿನ ಗೋಡೆಗೆ ಗಿಡ ಬಿಡಿಸಲು ಟೀಚರನ್ನೇ ಕರೆದರು. ನಾನೂ ಜೊತೆಗೆ ಹೋಗಿದ್ದೆ. ಎಲ್ಲರೂ ಬೋಧಿವೃಕ್ಷ ಎಂದುಕೊಂಡಿದ್ದರು. ಸಂಜೆ ಪರದೆ ಸರಿಸಿದರೆ ಗೋಡೆ ತುಂಬ ಪ್ಲಮ್ ಕೊಂಬೆ! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಟೀಚರ ದೊಡ್ಡಪ್ಪ ಮೆಲ್ಲಗೆ ಕೇಳಿದರು:

"ಚಂದ ಅದ ಯವ್ವಾ. ಆದ್ರ ಎಲಿನ ಇಲ್ಲದ ಗಿಡದ ಬುಡಕ ಬುದ್ಧ ಹ್ಯಾಂಗ ಕುಂದ್ರತಾನ? ನೆಳ್ಳು ಬ್ಯಾಡೇನು ಅವಂಗ?"

ಟೀಚರ್ ಗೋಡೆಯನ್ನು ನೋಡಿದರು, ದೊಡ್ಡಪ್ಪನನ್ನು ನೋಡಿದರು. ವಾದಿಸುತ್ತಾರೆಂದು ನಾನು ಕಾದೆ. ಅವರು ಮರುವಾರ ಹೋಗಿ, ತಾವೇ ಸುಣ್ಣ ಹೊಡೆದು, ದಟ್ಟ ಹಸಿರೆಲೆಗಳ ಬೋಧಿವೃಕ್ಷ ಬಿಡಿಸಿ ಬಂದರು. ಓಣಿಯವರಿಗೆ ಖುಷಿಯೋ ಖುಷಿ.

"ಬ್ಯಾಸರ ಆಗಲಿಲ್ಲೇನ್ರಿ?" ಎಂದು ಬಸ್ಸಿನಲ್ಲಿ ಕೇಳಿದೆ.

"ಆಗ್ತದ ಅನ್ಕೊಂಡಿದ್ದೆ. ಆಗಲಿಲ್ರೀ ಸರ್. ಅದಕ್ಕ ಅಂಜಿಕಿ ಬಂದದ. ಇಷ್ಟು ವರ್ಷ ಬಿಡಿಸಿದ್ದು ನನಗ ಬೇಕಾಗಿತ್ತೋ ಇಲ್ಲೋ?"

ಆಮೇಲೆ ಅವರು ಮಸಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಮಕ್ಕಳಿಗೆ ಮಾವಿನಕಾಯಿ, ಕೊಡ, ರಾಷ್ಟ್ರಧ್ವಜ ಕಲಿಸಿ ನಿವೃತ್ತರಾದರು. ಕೈನಡುಕ ಶುರುವಾಗಿದೆ ಎಂದು ಕೇಳಿ, ಹೋದ ವರ್ಷ ರಾಯಚೂರಿನ ಅವರ ಮನೆಗೆ ಹೋದೆ. ನೆಲದ ಮೇಲೆ ದೊಡ್ಡ ಹಾಳೆ ಹಾಸಿಕೊಂಡು, ಅದರ ಸುತ್ತ ಕೂತಲ್ಲೇ ಸರಿದಾಡುತ್ತ, ಮತ್ತೆ ಅದೇ ಕೊಂಬೆ!

"ಕೈ ನಡಗಾಕತ್ತಾವ, ಅದಕ್ಕ ಕೊಂಬಿ ಚಲೋ ಬರಾಕತ್ತದ ನೋಡ್ರಿ ಸರ್."

"ಮತ್ತ್ಯಾಕ ಹಿಡಿದ್ರಿ ಇದನ್ನ?"

"ಏನೋರೀ. ಇಲ್ಲಿ ಮ್ಯಾಲೆ ಛತ್ತು ಅದಲ್ರೀ, ನೆಳ್ಳು ಯಾರಿಗೆ ಬೇಕು?" ಎಂದು ನಕ್ಕರು. ಹೊರಡುವಾಗ ಆ ಹಾಳೆಯನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟರು.

ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮೊನ್ನೆ ಆ ಚಿತ್ರವನ್ನು ಕಟ್ಟು ಹಾಕಿಸಲು ಒಯ್ದೆ. ಅಂಗಡಿಯವನು ಸುರುಳಿ ಬಿಚ್ಚಿ, ಆಚೀಚೆ ತಿರುಗಿಸಿ, "ಸರ್, ಇದ್ರಾಗ ಮ್ಯಾಲಿನ ಕಡಿ ಯಾವುದ್ರಿ?" ಎಂದ. ನಾನು ನೋಡಿದೆ. ಕೊಂಬೆ ಮೇಲೇರುತ್ತಿತ್ತು. ತಿರುಗಿಸಿದೆ. ಕೊಂಬೆ ಇಳಿಬಿದ್ದಿತ್ತು. ಸಹಿ ಎಲ್ಲಿಯೂ ಇಲ್ಲ. ಹೂವುಗಳು ಎರಡೂ ಬಗೆಯಲ್ಲಿ ಸರಿಯಾಗಿಯೇ ಅರಳಿದ್ದವು.

"ಹೇಳ್ರಿ ಸರ್, ಕೊಂಡಿ ಎಲ್ಲಿ ಹಾಕ್ಲಿ?"

ಹೇಳಬಲ್ಲವರು ಒಬ್ಬರೇ ಇದ್ದರು. ಇಲ್ಲ, ಅವರೂ ತಿಳಿಯಂಗಿಲ್ಲ ಅನ್ನುತ್ತಿದ್ದರೇನೋ.

"ಎರಡೂ ಕಡಿ ಹಾಕಪಾ" ಎಂದೆ.